ಮಂಟಯ್ಯನ ಮೇವಿನ ಖರ್ಚು

ಗಾವಡಗೆರೆ ಹೋಬಳಿಯ ಆ ಕೊಪ್ಪಲಿನಲ್ಲಿ ಬೀರಮ್ಮನ ಬಾಯಿಗೆ ಹೆದರದವರು ಕಡಿಮೆ. ಬೋರ್‌ವೆಲ್ ಕೊರೆಯಲು ಬಂದ ಲಾರಿಯವನನ್ನೂ, ಕುರಿಗೆ ಲಸಿಕೆ ಹಾಕಲು ತಡವಾಗಿ ಬಂದ ಡಾಕ್ಟರನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಬೈದವಳು ಅವಳು. ಅಂಥವಳು ಒಂದು ಮಧ್ಯಾಹ್ನ ಕಟ್ಟಿಕೊಂಡ ಗಂಡನನ್ನೇ, ಅದೂ ಸರ್ಕಾರಿ ಅಧಿಕಾರಿಯ ಎದುರಿಗೆ, 'ಅವ್ರು ನಮ್ಮೋರಲ್ಲ' ಎಂದುಬಿಟ್ಟಳು. ಊರು ಸುಮ್ಮನಿರುತ್ತದೆಯೇ? ಕೆಲವರು ಅವಳ ತಲೆ ಕೆಟ್ಟಿದೆ ಎಂದರು. ಕೆಲವರು ಈಗಲಾದರೂ ಬುದ್ಧಿ ಬಂತಲ್ಲ ಎಂದರು. ಎರಡರಲ್ಲಿ ಯಾವುದು ನಿಜವೆಂದು ಬೀರಮ್ಮನಿಗೇ ಗೊತ್ತಿರಲಿಲ್ಲ, ಇನ್ನು ಊರಿಗೆ ಎಲ್ಲಿಂದ ಗೊತ್ತಾಗಬೇಕು.

ಅವಳ ಗಂಡ ಮಂಟಯ್ಯ ಕುರಿ ಕಾಯುವವನು. ಕೆಟ್ಟ ಮನುಷ್ಯನಲ್ಲ. ಹುಟ್ಟಿದ ಮರಿಯನ್ನು ಕಂಬಳಿಯೊಳಗೆ ಎದೆಗೆ ಅವುಚಿಕೊಂಡು ಮೈಲಿಗಟ್ಟಲೆ ನಡೆಯುತ್ತಿದ್ದವನು. ಆದರೆ ಕೋಪ ಮಾತ್ರ ಮೂಗಿನ ತುದಿಯಲ್ಲಿ. ಸಾರಿಗೆ ಉಪ್ಪು ಕಡಿಮೆಯಾದರೆ ತಟ್ಟೆ ಅಂಗಳದಲ್ಲಿರುತ್ತಿತ್ತು. ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆ ಕೇಳಿದರೆ ನಡುದಾರಿಯಲ್ಲೇ ಇಳಿದು ನಡೆದುಬಿಡುತ್ತಿದ್ದ. ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ, ಆ ಮಾತು ಬೀರಮ್ಮನೇ ಹೇಳುತ್ತಾಳೆ. ಆದರೆ ಅವನ ಕೋಪ ಮನೆಗೆ ಬರುವ ಮುಂಚೆ ಬೇರೆಯವರ ಜೊತೆ ಏನೇನು ಮಾಡಿ ಬಂದಿದೆಯೋ ಎಂದು ದಿನ ಸಂಜೆ ಬಾಗಿಲು ನೋಡುವುದು ಅವಳಿಗೆ ಅಭ್ಯಾಸವಾಗಿತ್ತು. ಆ ಕೋಪವೊಂದು ಇಳಿಸಪ್ಪಾ ಎಂದು ಮನೆದೇವರು ಬೀರೇಶ್ವರನಿಗೆ ಎಷ್ಟು ಸಲ ಹರಕೆ ಹೊತ್ತಿದ್ದಳೋ ಲೆಕ್ಕವಿಲ್ಲ.

ಬೇಸಿಗೆಯಲ್ಲಿ ಬೆಳೆ ತೆಗೆದು ಹೊಲ ಖಾಲಿಯಾದಾಗ ಕುರಿಮಂದೆಯನ್ನು ರಾತ್ರಿ ಹೊಲದಲ್ಲಿ ತರುಬಿಸಿಕೊಳ್ಳುವುದು ಆ ಸೀಮೆಯ ರೂಢಿ. ಹಿಕ್ಕೆ, ಗಂಜಲ ಬಿದ್ದ ಹೊಲದಲ್ಲಿ ಹೊಗೆಸೊಪ್ಪು ಎದೆಯೆತ್ತರಕ್ಕೆ ಬರುತ್ತದೆ. ಹೊಲದವರು ಕುರಿಯವರಿಗೆ ರಾಗಿ ಅಳೆಯುತ್ತಾರೆ, ಊಟ ಹಾಕುತ್ತಾರೆ. ಎರಡು ಬೇಸಿಗೆ ಹಿಂದೆ ಪಕ್ಕದೂರಿನ ನಂಜಣ್ಣನ ಹೊಲದಲ್ಲಿ ತರುಬುತ್ತೇನೆಂದು ಒಪ್ಪಿದ್ದ ಮಂಟಯ್ಯ ಕೊನೆಗಳಿಗೆಯಲ್ಲಿ ಬೇರೊಬ್ಬರ ಹೊಲಕ್ಕೆ ಮಂದೆ ಹೊಡೆದ. ನಂಜಣ್ಣ ಬಂದು ಏನೋ ಅಂದ, ಮಂಟಯ್ಯ ಏನೋ ಅಂದ. ನಂಜಣ್ಣ ಅವನ ಅಪ್ಪನ ಹೆಸರೆತ್ತಿದ, ಮಂಟಯ್ಯ ಕೋಲೆತ್ತಿದ. ನಂಜಣ್ಣನ ಬಲಗೈ ಮುರಿಯಿತು. ಕೋಪದಲ್ಲಿ ಕೊಯ್ದ ಮೂಗು ಆಮೇಲೆ ಬಾ ಎಂದರೆ ಬರುತ್ತದೆಯೇ?

ಕೇಸಾಯಿತು. ಜಾಮೀನೂ ಸಿಕ್ಕಿತ್ತು. ಆದರೆ ವಾಯಿದೆಗೆ ಬಾ ಎಂದರೆ ಈ ಪುಣ್ಯಾತ್ಮ ಮಂದೆಯ ಜೊತೆ ಸಾಲಿಗ್ರಾಮದ ಕಡೆ ಹೋಗಿರುತ್ತಿದ್ದ, ಇಲ್ಲ ಎಚ್.ಡಿ. ಕೋಟೆಯ ಕಡೆ. ಮೇವಿದ್ದ ಕಡೆ ಕುರಿ, ಕುರಿಯಿದ್ದ ಕಡೆ ಇವನು, ಕೋರ್ಟು ಮಾತ್ರ ಹುಣಸೂರಿನಲ್ಲಿ. ಕೋರ್ಟು ಎಷ್ಟು ದಿನ ಕಾಯುತ್ತದೆ? ವಾರಂಟ್ ಹೊರಟಿತು. ಪೊಲೀಸರು ಮಂದೆಯ ನಡುವಿನಿಂದಲೇ ಅವನನ್ನು ಎಬ್ಬಿಸಿಕೊಂಡು ಹೋದರು. ಎರಡನೇ ಸಲ ಜಾಮೀನಿಗೆ ನಿಲ್ಲಲು ಯಾರೂ ಮುಂದೆ ಬರಲಿಲ್ಲ. ತಮ್ಮ ಶಿವಣ್ಣ ಕೂಡ ಪಹಣಿ ಹುಡುಕುತ್ತಿದ್ದೇನೆ ಎನ್ನುತ್ತಲೇ ದಿನ ತಳ್ಳಿದ. ಯುಗಾದಿಗೆ ಮುಂಚೆ ಜೈಲು ಸೇರಿದವನು ದೀಪಾವಳಿ ಕಳೆದರೂ ಈಚೆ ಬರಲಿಲ್ಲ. ಕೊನೆಗೆ ಜಡ್ಜರ ಮುಂದೆ 'ಹೊಡೆದದ್ದು ಹೌದು ಸ್ವಾಮಿ' ಎಂದು ಒಪ್ಪಿಕೊಂಡ.

ಜಡ್ಜರು ಒಳ್ಳೆಯವರು. ಇವನಿಗೆ ಇನ್ನೂ ಜೈಲು ಕೊಡಬೇಕೋ, ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಕಳಿಸಬೇಕೋ ತೀರ್ಮಾನಿಸುವ ಮುಂಚೆ ಅವನ ಮನೆ, ಊರು ಏನನ್ನುತ್ತದೆಂದು ವಿಚಾರಿಸಿ ವರದಿ ಕೊಡಿ ಎಂದು ಪರಿವೀಕ್ಷಣಾಧಿಕಾರಿಗೆ ಹೇಳಿದರು. ಊರಿನವರ ಬಾಯಲ್ಲಿ ಅವರು ಪ್ರೊಬೇಷನ್ ಮೇಡಂ. ಹೆಸರು ಚೈತ್ರ, ಇನ್ನೂ ಚಿಕ್ಕ ವಯಸ್ಸು. ಸ್ಕೂಟರ್ ಮೇಲೆ ಧೂಳು ಹೊದ್ದುಕೊಂಡು ಬಂದರು. ಬೀರಮ್ಮ ಜಗಲಿಯ ಮೇಲೆ ಚಾಪೆ ಹಾಸಿ ಟೀ ಕೊಟ್ಟಳು.

ಚೈತ್ರ ಮಾತುಗಾರ್ತಿ. ಹೆದರಿದ ಹೆಂಗಸಿಗೆ ಧೈರ್ಯ ತುಂಬಬೇಕೆಂದು ತಮಗೆ ತಿಳಿದದ್ದನ್ನೆಲ್ಲ ಹೇಳತೊಡಗಿದರು.

"ನೋಡಿ ಬೀರಮ್ಮ, ಒಬ್ಬ ಮನುಷ್ಯನ್ನ ಜೈಲಲ್ಲಿ ಇಟ್ಕೊಂಡ್ರೆ ಸರ್ಕಾರಕ್ಕೆ ದಿನಾ ಎಷ್ಟು ಖರ್ಚು ಗೊತ್ತಾ? ಊಟ, ಕಾವಲು, ಔಷಧಿ, ಕರೆಂಟು, ಕೋರ್ಟಿಗೆ ಕರ್ಕೊಂಡು ಬರೋ ವ್ಯಾನಿನ ಡೀಸೆಲ್ಲು. ಎಲ್ಲ ಸೇರಿಸಿದ್ರೆ ದಿನಕ್ಕೆ ನೂರಾರು ರೂಪಾಯಿ! ಅದೇ ಮನೆಗೆ ಕಳಿಸಿ ನಾವು ಕಣ್ಣಿಟ್ಟು ನೋಡ್ಕೊಂಡ್ರೆ ಅದರಲ್ಲಿ ಒಂದು ಚೂರೂ ಆಗಲ್ಲ."

ಬೀರಮ್ಮ ಲೋಟ ಕೆಳಗಿಟ್ಟಳು.

"ಉಂಡಿದ್ದಕ್ಕೂ ಲೆಕ್ಕ ಮಡಗವ್ರಾ ತಾಯಿ?"

"ಎಲ್ಲಕ್ಕೂ ಲೆಕ್ಕ ಇದ್ದೇ ಇರತ್ತಲ್ಲ."

"ಇಷ್ಟು ದಿವ್ಸದ್ದೂವೆ?"

"ಇಷ್ಟು ದಿನದ್ದೂ. ಒಂದು ಪೈಸೆನೂ ಬಿಡಲ್ಲ, ವರ್ಷವರ್ಷ ಆಡಿಟ್ ಆಗತ್ತೆ," ಎಂದು ಚೈತ್ರ ನಕ್ಕರು. ಸರ್ಕಾರ ಎಷ್ಟು ಅಚ್ಚುಕಟ್ಟು ಎಂದು ಹೇಳಿದೆನೆಂದೇ ಅವರು ಅಂದುಕೊಂಡದ್ದು.

ಬೀರಮ್ಮನಿಗೆ ಜೈಲು ಗೊತ್ತಿಲ್ಲ. ಗೊತ್ತಿರುವುದು ದನದ ದೊಡ್ಡಿ. ಯಾರದೋ ಪೈರಿಗೆ ನುಗ್ಗಿದ ದನವನ್ನೋ ಕುರಿಯನ್ನೋ ತಳವಾರ ಹೊಡೆದುಕೊಂಡು ಹೋಗಿ ದೊಡ್ಡಿಗೆ ಕೂಡುತ್ತಿದ್ದ. ಬಿಡಿಸಿಕೊಳ್ಳಲು ಹೋದವರು ದಂಡದ ಜೊತೆಗೆ ಅಷ್ಟೂ ದಿನದ ಮೇವಿನ ಖರ್ಚು ಕಟ್ಟಬೇಕು. ತಡವಾದಷ್ಟೂ ಖರ್ಚು ಬೆಳೆಯುತ್ತದೆ. ಕಟ್ಟದಿದ್ದರೆ ಹರಾಜು. ಈಗ ಆ ದೊಡ್ಡಿಯ ಗೋಡೆ ಬಿದ್ದು ಲಂಟಾನ ಬೆಳೆದಿದೆ, ಆದರೆ ಬೀರಮ್ಮ ಚಿಕ್ಕವಳಿದ್ದಾಗ ಅದು ತುಂಬಿರುತ್ತಿತ್ತು. ಅವಳಪ್ಪನ ಮುದಿ ಎತ್ತೊಂದು ಹೀಗೇ ಸೇರಿತ್ತು. ಮೇವಿನ ಖರ್ಚು ಎತ್ತಿನ ಬೆಲೆಯನ್ನೂ ಮೀರಿದೆ ಎಂದು ತಿಳಿದ ಅಪ್ಪ ದೊಡ್ಡಿಯ ಗೇಟಿನ ಮುಂದೆ ನಿಂತು 'ಇದು ನಮ್ಮದಲ್ಲ' ಎಂದಿದ್ದ. ಹಾಗೆ ಹೇಳಿದರೆ ಖರ್ಚಿನ ಹೊಣೆಯಿಲ್ಲ. ಎಲ್ಲರೂ ಮಾಡುತ್ತಿದ್ದದ್ದೇ. ಎತ್ತು ಅಪ್ಪನನ್ನು ಗುರುತು ಹಿಡಿದು ಕೂಗಿತು, ಅಪ್ಪ ಮುಖ ತಿರುಗಿಸಿ ನಡೆದ. ಸರ್ಕಾರ ಯಾರನ್ನಾದರೂ ಹಿಡಿದು ಕೂಡಿದರೆ ಹೀಗೇ ಇರುತ್ತದೆ ಎಂಬುದರಲ್ಲಿ ಬೀರಮ್ಮನಿಗೆ ಸಂಶಯವೇ ಬರಲಿಲ್ಲ. ಯುಗಾದಿಗೆ ಮುಂಚಿನಿಂದ ದೀಪಾವಳಿ ಕಳೆಯುವವರೆಗೆ ದಿನಕ್ಕೆ ನೂರಾರು ರೂಪಾಯಿ! ಇಡೀ ಮಂದೆ ಮಾರಿದರೂ ತೀರುವುದಿಲ್ಲ.

"ಅವರು ಬಂದ್ರೆ ಮನೇಲಿ ಸೇರಿಸ್ಕೋತೀರಾ? ಜವಾಬ್ದಾರಿ ನಿಮ್ಮದು ಅಂತ ಬರ್ಕೊಳ್ಳಾ?" ಎಂದು ಚೈತ್ರ ಪೆನ್ನು ತೆಗೆದರು.

ಜವಾಬ್ದಾರಿ ಎಂಬ ಮಾತು ಕಿವಿಗೆ ಬಿದ್ದದ್ದೇ ಬೀರಮ್ಮ ಪೆನ್ನಿಗೆ ಅಡ್ಡ ಕೈ ಹಿಡಿದಳು.

"ಬರ್ಕಬ್ಯಾಡಿ ತಾಯಿ. ಅವ್ರು ನಮ್ಮೋರಲ್ಲ. ಸರ್ಕಾರ ಇಡ್ಕಂಡೋಯ್ತು, ಸರ್ಕಾರವೇ ಇಟ್ಕಳ್ಳಿ."

ಚೈತ್ರ ಬೆಚ್ಚಿದರು. ಹೊಡೆಯುತ್ತಿದ್ದರಾ ಎಂದು ಕೇಳಿದರು, ಇಲ್ಲವೆಂದಳು. ಕುಡಿಯುತ್ತಿದ್ದರಾ ಎಂದರು, ಯಾವಾಗಲೋ ಒಂದೊಂದು ಕಿತ ಎಂದಳು. ಮತ್ತೆ ಯಾಕೆ ಬೇಡ ಎಂದರು. ಟೀ ಆರೋಯ್ತದೆ, ಕುಡೀರಿ ಎಂದಳು ಬೀರಮ್ಮ. ಗಂಡನ ಊಟದ ದುಡ್ಡು ಕಟ್ಟಲು ನನ್ನಿಂದ ಆಗುವುದಿಲ್ಲ ಎಂದು ಹೊರಗಿನವರ ಮುಂದೆ ಹೇಳುವುದಕ್ಕಿಂತ ಸಾಯುವುದು ವಾಸಿ ಅನ್ನಿಸಿತು. ಚೈತ್ರ ಮೆಲ್ಲಗೆ ಏನೋ ಬರೆದುಕೊಂಡು, ಟೀ ಅರ್ಧಕ್ಕೇ ಬಿಟ್ಟು, ಸ್ಕೂಟರ್ ಏರಿ ಹೋದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಂಜೆ ಮಂದೆ ಹೊಡೆದುಕೊಂಡು ಬಂದ ಶಿವಣ್ಣನಿಗೆ ದಾರಿಯಲ್ಲೇ ಸುದ್ದಿ ಮುಟ್ಟಿತ್ತು.

"ಏನತ್ಗೆ, ಅಣ್ಣುನ್ನೇ ನಮ್ಮೋನಲ್ಲ ಅಂದ್ಯಂತೆ?"

"ಅಂದೆ ಕಣಪ್ಪ. ನೀನು ಪಾಣಿ ಉಡುಕ್ತಾ ಉಡುಕ್ತಾ ವರ್ಸ ತಳ್ದಲ್ಲ, ಆಗ ಅವ್ನು ನಿಮ್ಮೋನಾಗಿದ್ನಾ?"

ಶಿವಣ್ಣ ಕುರಿ ಕೂಡಲು ಹೋದ. ಬೀರಮ್ಮನಿಗೆ ಗೆದ್ದ ಸಂತೋಷವೂ ಆಗಲಿಲ್ಲ. ಒಲೆಯ ಮುಂದೆ ಕೂತಳು, ಎದ್ದಳು, ಮತ್ತೆ ಕೂತಳು. ಹಿಟ್ಟಿಗೆ ಎಸರಿಟ್ಟು ಉಪ್ಪು ಹಾಕಿದೆನೋ ಇಲ್ಲವೋ ಮರೆತಳು.

ದುಡ್ಡಿಗೆ ಹೆದರಿ ಹಾಗೆ ಅಂದೆ ಎಂದು ತನಗೆ ತಾನೇ ಹೇಳಿಕೊಂಡಳು. ನಿಜವೇ. ಆದರೆ ಅಷ್ಟೇ ಏನು? ಈ ಕೆಲವು ತಿಂಗಳು ಮನೆಯಲ್ಲಿ ಒಂದು ತಟ್ಟೆಯೂ ಹಾರಿರಲಿಲ್ಲ. ಸಂಜೆಯಾದರೆ ಯಾರ ತಲೆ ಒಡೆದು ಬರುತ್ತಾನೋ ಎಂದು ಬಾಗಿಲು ನೋಡುವುದು ತಪ್ಪಿತ್ತು. ಮೈದುನನ ಜೊತೆ ತಾನೇ ಮಂದೆಯ ಹಿಂದೆ ಹೋಗುತ್ತಿದ್ದಳು. ಹೊಲದವರ ಹತ್ತಿರ ನಗುನಗುತ್ತಾ ಮಾತಾಡಿ, ಮಂಟಯ್ಯ ತರುತ್ತಿದ್ದದ್ದಕ್ಕಿಂತ ಹೆಚ್ಚು ರಾಗಿ ತಂದಿದ್ದಳು. ಅದು ಅವಳಿಗೆ ಇಷ್ಟವಾಗಿತ್ತು, ಸುಳ್ಳು ಯಾಕೆ ಹೇಳಬೇಕು. ಹಾಗಾದರೆ 'ನಮ್ಮೋರಲ್ಲ' ಎಂದದ್ದು ಭಯವೋ ಮನಸ್ಸೋ? ಇದನ್ನು ಯೋಚಿಸಿದಷ್ಟೂ ಅವಳಿಗೆ ತಲೆ ಗಿರ್ ಎನ್ನುತ್ತಿತ್ತು. ಮರುಗಳಿಗೆಯೇ ಜೈಲಿನಲ್ಲಿ ರಾತ್ರಿ ಚಳಿಗೆ ಅವನಿಗೆ ಕಂಬಳಿ ಕೊಟ್ಟಿದ್ದಾರೋ ಇಲ್ಲವೋ ಎಂದು ಸಂಕಟವಾಗುತ್ತಿತ್ತು. ಮನುಷ್ಯ ಬೇಡ, ಅವನಿಗೆ ಚಳಿಯೂ ಆಗಬಾರದು ಅಂದರೆ ಇದು ಯಾವ ಸೀಮೆಯ ನ್ಯಾಯ?

ಎರಡು ದಿನ ಕಳೆದು ನಂಜಣ್ಣನೇ ಬಂದ. ಕೈ ಮುರಿಸಿಕೊಂಡವನು. ಮೂಳೆ ಕೂಡಿತ್ತು, ಆದರೆ ಮೊಣಕೈ ಹತ್ತಿರ ಸ್ವಲ್ಪ ಸೊಟ್ಟ. ಅವನನ್ನು ಕಂಡರೆ ಬೀರಮ್ಮನಿಗೆ ಇಂದಿಗೂ ತಲೆ ತಗ್ಗುತ್ತಿತ್ತು.

"ಅಲ್ಲ ಬೀರಮ್ಮ, ಆ ಮೇಡಂ ನಮ್ಮನೆಗೂ ಬಂದಿದ್ರು ಕಣಮ್ಮ. ಅವ್ನು ವಾಪಸ್ ಬಂದ್ರೆ ನಿಮ್ದೇನಾರ ತಕರಾರಾ ಅಂದ್ರು. ನಮ್ ಎಂಡ್ರು ಸುಂದ್ರಮ್ಮ ಬ್ಯಾಡ ಬ್ಯಾಡ ಅಂತ ಕಣ್ಣು ಬುಟ್ಲು. ನಾನು ಬತ್ತಾನೆ ಬರ್ಲಿ ಬುಡಿ ಅಂದೆ. ಕೈ ಮುರಿಸ್ಕಂಡೋನು ನಾನೇ ಸೈ ಅಂದಿವ್ನಿ, ಕೈ ಇಡ್ದೋಳು ನೀನು ಬ್ಯಾಡ ಅಂದ್ಯಂತಲ್ಲ! ಏನಾಯ್ತು?"

ಬೀರಮ್ಮ ಎಷ್ಟು ದಿನ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತಾಳೆ? ಹೇಳಿಬಿಟ್ಟಳು. ದೊಡ್ಡಿ, ಮೇವು, ದಿನಕ್ಕೆ ನೂರಾರು, ಆಡಿಟ್, ಎಲ್ಲ.

ನಂಜಣ್ಣ ಒಂದು ಕಾಲದಲ್ಲಿ ಪಂಚಾಯ್ತಿ ಮೆಂಬರ್ ಆಗಿದ್ದವನು. ಗೊತ್ತಿಲ್ಲ ಎನ್ನುವುದು ಅವನ ಜಾಯಮಾನದಲ್ಲೇ ಇಲ್ಲ. ಗಡ್ಡ ಕೆರೆದುಕೊಂಡು ಯೋಚಿಸಿದ.

"ದೊಡ್ಡೀಲಂತೂ ಕಟ್ಲೇಬೇಕು, ಅದು ರೂಲು. ಜೈಲಲ್ಲಿ... ನೋಡು, ಜೈಲಲ್ಲಿ ಕೆಲ್ಸ ಮಾಡಿಸ್ಕತಾರಂತೆ, ಅದ್ರಾಗೆ ವಜಾ ಮಾಡ್ಕಬೋದು. ಆದ್ರೂ ಬಾಕಿ ಅಂತ ಏನಾರ ಇದ್ದೇ ಇರ್ತದೆ. ಸರ್ಕಾರದೋರು ಬಿಟ್ಟಿ ಊಟ ಆಕ್ತಾರೆ ಅಂದ್ರೆ ನಾ ನಂಬಾಕಿಲ್ಲ ಬುಡು."

ಇಂಥ ಸಲಹೆಗಾರರಿದ್ದರೆ ಶತ್ರುಗಳು ಯಾಕೆ ಬೇಕು? ಇದ್ದ ಗೊಂದಲಕ್ಕೆ ಇನ್ನೊಂದು ಗಂಟು ಹಾಕಿ ನಂಜಣ್ಣ ಎದ್ದ. ಹೋಗುವಾಗ ಮಾತ್ರ ಒಂದು ಮಾತು ಹೇಳಿದ.

"ಖರ್ಚಿನ್ ಮಾತು ಆಮೇಲಾಗ್ಲಿ. ನಾಡಿದ್ದು ಕೋರ್ಟ್ನಾಗೆ ಜಡ್ಜು ಆ ಕಾಗ್ದ ಓದ್ತಾರಲ್ಲ, ಎಲ್ಲಾರ್ ಮುಂದೆ. ಎಂಡ್ರು ನಮ್ಮೋನಲ್ಲ ಅಂದವ್ಳೆ ಅಂತ. ಅವ್ನು ಅಲ್ಲೇ ನಿಂತಿರ್ತಾನೆ ಕಣಮ್ಮ."

ಆ ಮಾತು ಬೀರಮ್ಮನಿಗೆ ಚುಚ್ಚಿತು. ದೊಡ್ಡಿಯ ಗೇಟಿನಲ್ಲಿ ಅಪ್ಪನನ್ನು ಕಂಡು ಕೂಗಿದ ಎತ್ತು ಕಣ್ಣ ಮುಂದೆ ಬಂತು. ಅಂದು ಅವಳು ಅಪ್ಪನ ಬೆರಳು ಹಿಡಿದು ಮನೆಯವರೆಗೂ ಅತ್ತಿದ್ದಳು. ಮಾರನೆಯ ದಿನ ವ್ಯಾಪಾರಿಯನ್ನು ಕರೆಸಿ ಎರಡು ಟಗರು ಮಾರಿದಳು. ಬಾಕಿಯಲ್ಲಿ ಇದು ಯಾವ ಮೂಲೆಗೂ ಸಾಲದು ಎಂದು ಗೊತ್ತಿತ್ತು. ಕಂತಿನ ಮೇಲೆ ತೀರಿಸುತ್ತೇನೆ ಎಂದು ಕಾಲು ಹಿಡಿದರಾಯಿತು ಅಂದುಕೊಂಡಳು. ದುಡ್ಡನ್ನು ಸೆರಗಿನ ತುದಿಗೆ ಗಂಟು ಹಾಕಿ, ಶಿವಣ್ಣನ ಕೈಗೆ ಪಹಣಿ ತುರುಕಿ, ವಾಯಿದೆಯ ದಿನ ಬೆಳಗಿನ ಬಸ್ಸಿಗೆ ಹುಣಸೂರಿಗೆ ಹೊರಟಳು.

ಕೋರ್ಟಿನ ವರಾಂಡದಲ್ಲಿ ಚೈತ್ರ ಸಿಕ್ಕಿದರು. ಬೀರಮ್ಮ ಹಿಂದೆ ಮುಂದೆ ನೋಡದೆ ಗಂಟು ಬಿಚ್ಚಿ ನೋಟುಗಳನ್ನು ಅವರ ಕೈಗೆ ಹಿಡಿಸಲು ಹೋದಳು.

"ಅಯ್ಯೋ, ಏನಿದು! ಯಾರಾದ್ರೂ ನೋಡಿದ್ರೆ ಏನಂದ್ಕೋತಾರೆ? ನಾನು ಲಂಚ ತಗೊಳ್ಳಲ್ಲ ಬೀರಮ್ಮ," ಎಂದು ಚೈತ್ರ ಎರಡು ಹೆಜ್ಜೆ ಹಿಂದೆ ಸರಿದರು.

"ಲಂಚ ಅಲ್ಲ ಕಣವ್ವ, ಮೇವಿಂದು. ಅದೇ, ನಮ್ಮೋರು ಉಂಡಿದ್ದು. ಬಾಕಿ ಮುಂದುಕ್ಕೆ ಕೊಡ್ತೀನಿ. ಅರಾಜಿಗೆ ಆಕ್ಬ್ಯಾಡಿ."

ಚೈತ್ರರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಮೊದಲು ನಗು ಬಂತು. ಆಮೇಲೆ ಜಗಲಿಯ ಮೇಲೆ ತಾವು ಆಡಿದ ಮಾತೆಲ್ಲ ನೆನಪಾಗಿ ನಗು ನಿಂತಿತು. ಬೀರಮ್ಮನನ್ನು ಕಲ್ಲುಬೆಂಚಿನ ಮೇಲೆ ಕೂರಿಸಿಕೊಂಡು, ಜೈಲಿನ ಊಟಕ್ಕೆ ಯಾರೂ ದುಡ್ಡು ಕೇಳುವುದಿಲ್ಲ, ಅದು ಸರ್ಕಾರದ್ದೇ ಖರ್ಚು, ಒಂದು ಪೈಸೆಯೂ ನಿಮ್ಮ ಮೇಲೆ ಬರುವುದಿಲ್ಲ ಎಂದು ಬಿಡಿಸಿ ಹೇಳಿದರು.

"ಅಂಗಾರೆ ಮನೆಗ್ ಬಂದ್ ಮ್ಯಾಲೆ?"

"ಮನೆಗೆ ಬಂದ್ಮೇಲೆ ಇನ್ನೇನು, ಮನೆಯವ್ರು ನೋಡ್ಕೋತಾರೆ."

"ಅಂದ್ರೆ ನಾನು."

"ಹೂಂ, ನೀವೇ. ಅದಕ್ಕೇ ಸರ್ಕಾರಕ್ಕೆ ಖರ್ಚು ಕಮ್ಮಿ ಅಂದಿದ್ದು. ಅವರು ತಿಂಗಳಿಗೊಂದು ಸಲ ಬಂದು ನಮ್ಮ ಹತ್ರ ಸೈನ್ ಮಾಡ್ಬೇಕು. ಹೇಳದೆ ತಾಲ್ಲೂಕು ಬಿಟ್ಟು ಹೋಗ್ಬಾರದು, ಅಷ್ಟೇ."

"ತಾಲ್ಲೂಕ್ ಬುಟ್ಟು ಓಗ್ದೆ ಕುರಿ ಕಾಯೋದೆಂಗವ್ವ? ಮೇವು ತಾಲ್ಲೂಕು ನೋಡ್ಕಂಡ್ ಬೆಳ್ದದಾ?"

"ಕೇಳಿಕೊಂಡ್ರೆ ಪರ್ಮಿಷನ್ ಕೊಡ್ತಾರೆ. ಅದೆಲ್ಲ ಆಮೇಲೆ." ಚೈತ್ರ ಅವಳ ಮುಂಗೈ ಮೇಲೆ ಕೈ ಇಟ್ಟರು. "ಈಗ ದುಡ್ಡಿನ ಭಯ ಇಲ್ವಲ್ಲ? ಈಗ ಹೇಳಿ. ಕರ್ಕೊಂಡು ಹೋಗ್ತೀರಾ?"

ಬೀರಮ್ಮ ನೋಟುಗಳನ್ನು ಮತ್ತೆ ಸೆರಗಿಗೆ ಗಂಟು ಹಾಕತೊಡಗಿದಳು. ಇಷ್ಟು ದಿನ ದುಡ್ಡು ಎಂಬ ಗೋಡೆ ಇತ್ತು, ಅದರ ಹಿಂದೆ ಕೂತಿದ್ದಳು. ಈ ಹುಡುಗಿ ಗೋಡೆಯನ್ನೇ ಕೆಡವಿಬಿಟ್ಟಳು. ಹೌದು ಎಂದರೆ ತಟ್ಟೆ, ಕೋಲು, ಸಂಜೆಯ ಬಾಗಿಲು. ಇಲ್ಲ ಎಂದರೆ ಇನ್ನೆಷ್ಟು ವರ್ಷವೋ, ಆ ಮನುಷ್ಯ ಆಕಾಶ ಕಾಣದೆ ಮಲಗಬೇಕು. ಹಾಗೆ ಮಲಗಿ ಅಭ್ಯಾಸವೇ ಇಲ್ಲದವನು. ಯಾರಾದರೂ ಇದಕ್ಕೊಂದು ಉತ್ತರ ಹೇಳಿಕೊಟ್ಟರೆ ಅವರ ಕಾಲು ತೊಳೆದು ನೀರು ಕುಡಿಯುತ್ತಿದ್ದಳು. ಅಷ್ಟರಲ್ಲಿ ಒಳಗಿನಿಂದ ಕೂಗು ಬಂತು.

ಮಂಟಯ್ಯನನ್ನು ಕರೆತಂದು ನಿಲ್ಲಿಸಿದ್ದರು. ಸಣ್ಣಗಾಗಿದ್ದ. ಮೀಸೆ ಬೋಳಿಸಿದ್ದ ಅವನ ಗುರುತು ಹಿಡಿಯಲು ಬೀರಮ್ಮನಿಗೇ ಒಂದು ಗಳಿಗೆ ಬೇಕಾಯಿತು. ಜಡ್ಜರು ಕಾಗದ ನೋಡುತ್ತಾ, ಊರಿನವರದು ತಕರಾರಿಲ್ಲ, ಏಟು ತಿಂದವರೂ ಒಪ್ಪಿದ್ದಾರೆ, ಆದರೆ ಹೆಂಡತಿ ಮನೆಗೆ ಸೇರಿಸುವುದಿಲ್ಲ ಎಂದಿದ್ದಾರೆ, ಇದಕ್ಕೆ ನೀನು ಏನು ಹೇಳುತ್ತೀಯಪ್ಪ ಎಂದು ಕೇಳಿದರು.

ಮಂಟಯ್ಯ ಹೆಂಡತಿಯ ಕಡೆ ತಿರುಗಲಿಲ್ಲ. ಕೈ ಮುಗಿದುಕೊಂಡೇ ಹೇಳಿದ.

"ಅವ್ಳು ಸರ್ಯಾಗೇ ಯೋಳವ್ಳೆ ಸ್ವಾಮಿ. ನಮ್ಗೆ ದಿನಾ ಎಷ್ಟು ಖರ್ಚಾಯ್ತದೆ ಅಂತ ಜೈಲೊಳಗೂ ಮಾತಾಡ್ಕತಾರೆ. ನಾನೂ ಲೆಕ್ಕ ಆಕ್ದೆ. ಅದ್ನ ಕಟ್ಟಿ ಬುಡಿಸ್ಕಳಾಕೆ ನಾನು ಅಷ್ಟು ಬಾಳಾಕಿಲ್ಲ. ನಮ್ಮೋನಲ್ಲ ಅಂದಿದ್ದೇ ವಾಸಿ. ಅವ್ಳಿಗೆ ಕುರಿಯಾರ ಉಳೀಲಿ."

ಕೋರ್ಟಿನಲ್ಲಿ ಯಾರಿಗೂ ತಲೆಬುಡ ತಿಳಿಯಲಿಲ್ಲ. ತಿಳಿದದ್ದು ಇಬ್ಬರಿಗೇ, ಚೈತ್ರರಿಗೆ ಮತ್ತು ಬೀರಮ್ಮನಿಗೆ. ಅವನೂ ಅದೇ ದೊಡ್ಡಿಯ ಲೆಕ್ಕ ಹಾಕಿಕೊಂಡು, ಯಾರೂ ಬಂದು ಬಿಡಿಸಿಕೊಳ್ಳದಿರಲಿ ಎಂದು ಅಲ್ಲಿ ಕೂತಿದ್ದ. ಬೀರಮ್ಮನ ಮೈಯೆಲ್ಲ ಉರಿದುಹೋಯಿತು. ಅದು ಕೋಪವೋ ದುಃಖವೋ ಅವಳು ವಿಚಾರಿಸಲು ಹೋಗಲಿಲ್ಲ. ಬೆಂಚಿನಿಂದ ಎದ್ದೇಬಿಟ್ಟಳು.

"ಬಾಳಾಕಿಲ್ಲ ಅನ್ನಾಕೆ ನೀನ್ಯಾರಯ್ಯ? ಬಾಳಿಸ್ದೋಳು ನಾನು! ಸ್ವಾಮಿ, ಅವ್ರು ನಮ್ಮೋರೇ. ನಾನು ಸುಳ್ಳು ಯೋಳಿದ್ದೆ, ಏನಾರ ಸಿಕ್ಸೆ ಇದ್ರೆ ನಂಗೆ ಕೊಡಿ. ನಮ್ಮೋರೇ ಕಣ್ರೀ, ಕರ್ಕಂಡೋಯ್ತೀನಿ!"

ಗುಮಾಸ್ತರು ಸುಮ್ಮನಿರಮ್ಮ ಎಂದು ಗದರಿದರು. ಚೈತ್ರ ಎದ್ದು ನಿಂತು, ವರದಿಯಲ್ಲಿ ಬರೆದದ್ದು ತಪ್ಪು ತಿಳಿವಳಿಕೆಯಿಂದ ಬಂದ ಮಾತು, ಆ ತಪ್ಪು ತಿಳಿವಳಿಕೆಗೆ ತಾವೂ ಕಾರಣ ಎಂದು ವಿವರಿಸಿದರು. ಜಡ್ಜರು ಕನ್ನಡಕ ತೆಗೆದು ಗಂಡ ಹೆಂಡಿರಿಬ್ಬರನ್ನೂ ನೋಡಿದರು. ಮುಚ್ಚಳಿಕೆ, ಶಿವಣ್ಣನ ಹೊಣೆ, ಒಂದು ವರ್ಷ ಮೇಡಂ ಅವರ ನಿಗಾ, ಮತ್ತೆ ಕೋಲೆತ್ತಿದರೆ ನೇರ ಜೈಲು ಎಂದು ಆದೇಶವಾಯಿತು. ಆ ಕಾಗದ ಜೈಲು ಮುಟ್ಟಿ, ಮಾರನೆಯ ದಿನ ಮಂಟಯ್ಯನನ್ನು ಬಿಟ್ಟರು.

ದೂರದ ಜಿಲ್ಲಾ ಜೈಲಿನ ಗೇಟಿನ ಹೊರಗೆ ಬೀರಮ್ಮ, ಶಿವಣ್ಣ ಇಬ್ಬರೂ ಕಾದಿದ್ದರು. ಮಂಟಯ್ಯ ಬಂದ. ನಕ್ಕ ಹಾಗೆ ಮಾಡಿದ. ಬಸ್ಸು ಬಂದಾಗ ಎಲ್ಲರಿಗಿಂತ ಮೊದಲು ನುಗ್ಗುತ್ತಿದ್ದವನು ಬಾಗಿಲ ಪಕ್ಕದಲ್ಲಿ ನಿಂತೇ ಇದ್ದ. ಹತ್ತಣ್ಣ ಎಂದು ಶಿವಣ್ಣ ಹೇಳಿದ ಮೇಲೆ ಹತ್ತಿದ. ಸೀಟು ಖಾಲಿಯಿತ್ತು, ಕೂತ್ಕೊ ಎಂದ ಮೇಲೆ ಕೂತ. ಸುಸ್ತಾಗಿರಬೇಕು ಎಂದುಕೊಂಡಳು ಬೀರಮ್ಮ. ಕಂಡಕ್ಟರ್ ಚಿಲ್ಲರೆಗಾಗಿ ಗೊಣಗಿದ. ಮಂಟಯ್ಯ ತಲೆ ತಗ್ಗಿಸಿ ತನ್ನ ಕೈಗಳನ್ನು ನೋಡುತ್ತಾ ಕೂತಿದ್ದ.

ಹುಣಸೂರಿನಲ್ಲಿ ಇಳಿದಾಗ ಊಟದ ಹೊತ್ತು ಮೀರಿತ್ತು. ಟಗರು ಮಾರಿದ ದುಡ್ಡು ಸೆರಗಿನಲ್ಲೇ ಇತ್ತು, ಇವತ್ತಾದರೂ ಹೊಟ್ಟೆ ತುಂಬ ಉಣ್ಣಲಿ ಎಂದು ಬೀರಮ್ಮ ಬಸ್‌ಸ್ಟ್ಯಾಂಡಿನ ಎದುರಿನ ಮುದ್ದೆ ಹೋಟೆಲಿಗೆ ಕರೆದುಕೊಂಡು ಹೋದಳು. ಶಿವಣ್ಣ ಕೈ ತೊಳೆಯಲು ಹೋದ. ಬೀರಮ್ಮ ಒಳಗೆ ಹೋಗಿ ಜಾಗ ಹಿಡಿದು ತಿರುಗಿ ನೋಡಿದರೆ ಗಂಡ ಹಿಂದೆ ಇಲ್ಲ. ಹೊಸಿಲಿನ ಹೊರಗೆ ನಿಂತಿದ್ದ. ಜನ ಅವನನ್ನು ತಳ್ಳಿಕೊಂಡು ಒಳಗೆ ಬರುತ್ತಿದ್ದರು, ಹೊರಗೆ ಹೋಗುತ್ತಿದ್ದರು. ಅವನು ಪಕ್ಕಕ್ಕೆ ಸರಿಯುತ್ತಿದ್ದ, ಒಳಗೆ ಮಾತ್ರ ಬರುತ್ತಿರಲಿಲ್ಲ. ಬೀರಮ್ಮ ಹೋಗಿ ರಟ್ಟೆ ಹಿಡಿದು ಕರೆತಂದಳು.

ಬಿಸಿ ಮುದ್ದೆ ಬಂತು, ಉಪ್ಸಾರು ಬಂತು. ಮಂಟಯ್ಯ ತಟ್ಟೆಯ ಮುಂದೆ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತ. ಬೀರಮ್ಮ ತಟ್ಟೆಯನ್ನು ಅವನ ಹತ್ತಿರಕ್ಕೆ ತಳ್ಳಿದಳು. ಇವನನ್ನು ಸರಿ ಮಾಡುವ ಮದ್ದು ತನಗೆ ಗೊತ್ತಿದೆ ಅನ್ನಿಸಿತು. ನಾಲ್ಕು ಜನರ ಮುಂದೆ ಬೈದರೆ ಹಿಂದೆಲ್ಲ ಟೇಬಲ್ಲೇ ಉರುಳಿಸಿ ಎದ್ದು ಹೋಗುತ್ತಿದ್ದ. ಉರುಳಿಸಲಿ, ಪರವಾಗಿಲ್ಲ, ತಟ್ಟೆಯ ದುಡ್ಡು ಕೊಟ್ಟರಾಯಿತು.

"ಏನಯ್ಯ, ಕಲ್ಲುಗುಂಡು ಕುಂತಂಗೆ ಕುಂತಿದ್ದೀಯೆ?" ಎಂದು ಪಕ್ಕದ ಟೇಬಲ್ಲಿನವರೆಲ್ಲ ತಿರುಗುವಂತೆ ಜೋರಾಗಿ ಶುರುಮಾಡಿದಳು. "ಮೂರ್ ಕಾಸಿನ್ ಕ್ವಾಪಕ್ಕೆ ಇಡೀ ಮನೆ ಬೀದಿಗಾಕ್ದೆ. ಈಗ ಮುದ್ದೆ ಮುರ್ದು ಬಾಯ್ಗಿಡಾಕೂ ನಾನೇ ಬರ್ಬೇಕಾ? ಎಲ್ಲೋಯ್ತಯ್ಯ ನಿನ್ ಸೊಕ್ಕು?"

ಮಂಟಯ್ಯ ತಟ್ಟನೆ ಎದ್ದು ನಿಂತ. ಬೀರಮ್ಮನಿಗೆ ಜೀವ ಬಂದ ಹಾಗಾಯಿತು.

"ಆಯ್ತು ಸಾ," ಎಂದ ಅವನು. ಎರಡೂ ಕೈ ಪಕ್ಕಕ್ಕೆ ಬಿಟ್ಟು, ತಲೆ ತಗ್ಗಿಸಿ.

ಹೋಟೆಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಇಷ್ಟು ವರ್ಷ ಬೀರಮ್ಮ ಯಾವ ಕೋಪ ಇಳಿಯಲಿ ಎಂದು ಬೇಡಿದ್ದಳೋ ಅದು ಇಳಿದಿತ್ತು. ಅದರ ಜೊತೆಗೆ ಇನ್ನೂ ಏನೇನು ಹೋಗಿದೆಯೋ ಅವಳಿಗೆ ತಿಳಿಯಲಿಲ್ಲ. ಎಲ್ಲರ ಮುಂದೆ ನಮ್ಮೋರು ಎಂದು ಕೂಗಿ ಕರೆತಂದದ್ದು ಯಾರನ್ನು, ಅದೂ ತಿಳಿಯಲಿಲ್ಲ. ಅವನ ಅಂಗಿ ಹಿಡಿದು ಕೆಳಗೆ ಕೂರಿಸಿದಳು.

"ನಾನು ಕಣಯ್ಯ. ಬೀರಿ."

"ಗೊತ್ತು," ಎಂದ ಮಂಟಯ್ಯ.

ಆದರೂ ಅವನ ಕೈ ಮುದ್ದೆಗೆ ಹೋಗಲಿಲ್ಲ. ಅವಳ ಮುಖವನ್ನೇ ನೋಡುತ್ತಾ ಕಾದಿದ್ದ.

"ಉಣ್ಣು," ಎಂದಳು.

ಆಗ ಉಂಡ.